ಭುಜಕ್ಕಿಂತ ಕೆಳಗಿಳಿದ ಪಟ್ಟಿ

ಹೋದ ತಿಂಗಳು ಮಡಿಕೇರಿಯಿಂದ ಕುಶಾಲನಗರಕ್ಕೆ ಹೊರಡುವ ಮುನ್ನ ಮಗಳನ್ನು ಮಕ್ಕಳ ಕಾರ್ ಸೀಟಿನಲ್ಲಿ ಕೂರಿಸಿ ಪಟ್ಟಿ ಬಿಗಿಯುತ್ತಿದ್ದಾಗ, ಸೀಟಿನ ಬೆನ್ನಿನಲ್ಲಿ ಪಟ್ಟಿ ಹಾಯುವ ಅತ್ಯಂತ ಮೇಲಿನ ಸೀಳಿಗಿಂತಲೂ ಅವಳ ಭುಜ ಎರಡು ಬೆರಳಿನಷ್ಟು ಎತ್ತರಕ್ಕೆ ಹೋಗಿರುವುದು ಕಣ್ಣಿಗೆ ಬಿತ್ತು. ಅವಳ ತೂಕ 16 ಕೆ.ಜಿ., ಸೀಟಿನ ಮಿತಿ 18 ಕೆ.ಜಿ. ತೂಕವನ್ನಷ್ಟೇ ನೋಡಿಕೊಂಡು ನೆಮ್ಮದಿಯಾಗಿದ್ದ ನಾವು ಎತ್ತರವನ್ನು ಮರೆತೇಬಿಟ್ಟಿದ್ದೆವು. ಮುಂದಕ್ಕೆ ಮುಖ ಮಾಡಿ ಕೂರುವ ಮಗುವಿಗೆ ಪಟ್ಟಿಯು ಭುಜದ ಮಟ್ಟದಿಂದ ಅಥವಾ ತುಸು ಮೇಲಿನಿಂದ ಬರಬೇಕು; ಹಿಂದಕ್ಕೆ ಮುಖ ಮಾಡಿ ಕೂರುವ ಮಗುವಿಗಾದರೆ ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ. ಈ ವ್ಯತ್ಯಾಸ ಚಿಕ್ಕದೆಂದು ಕಂಡರೂ ಸೀಟು ಮಗುವಿಗೆ ಇನ್ನೂ ಸಲ್ಲುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಸುವುದು ವಯಸ್ಸಲ್ಲ, ಇಂತಹ ಅಳತೆಗಳೇ.

ವಯಸ್ಸಿನ ಲೆಕ್ಕದಲ್ಲಿ ನಾವು ಮೊದಲ ಸಲವೇ ಎಡವುವವರಿದ್ದೆವು. ಮೈಸೂರಿನ ಅಂಗಡಿಯೊಂದರಲ್ಲಿ ಸೀಟು ಕೊಂಡಾಗ, ಒಂದು ವರ್ಷ ತುಂಬಿದ ಕೂಡಲೇ ಅದನ್ನು ಮುಂದಕ್ಕೆ ತಿರುಗಿಸಿಬಿಡಿ, ಮಗುವಿಗೆ ಬೇಸರವಾಗುವುದಿಲ್ಲ ಎಂದು ಮಾರಾಟಗಾರ ಹೇಳಿದ್ದ. ಆದರೆ ಎಳೆಯ ಮಗುವಿನ ತಲೆ ಮೈಗೆ ಹೋಲಿಸಿದರೆ ಬಹಳ ದೊಡ್ಡದು, ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಎದುರಿನಿಂದ ಡಿಕ್ಕಿಯಾದಾಗ ಮುಂದಕ್ಕೆ ಮುಖ ಮಾಡಿದ ಮಗುವಿನ ಮೈಯನ್ನು ಪಟ್ಟಿ ಹಿಡಿದುಕೊಳ್ಳುತ್ತದೆ, ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಬೆನ್ನೇ ಒಟ್ಟಾಗಿ ತಡೆಯುತ್ತದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಅವರು 1960ರ ದಶಕದಲ್ಲೇ ಇಂತಹ ಸೀಟನ್ನು ರೂಪಿಸಿದ್ದರು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೂ 2018ರಲ್ಲಿ ವಯಸ್ಸಿನ ಗಡಿಯನ್ನು ಕೈಬಿಟ್ಟು, ಸೀಟಿನ ತೂಕ ಅಥವಾ ಎತ್ತರದ ಮಿತಿ ಮುಟ್ಟುವವರೆಗೂ ಮಗು ಹಿಂದಕ್ಕೆ ಮುಖ ಮಾಡಿಯೇ ಕೂರಲಿ ಎಂದು ಹೇಳಿತು. ನಮ್ಮ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂರಲು ಮಿತಿ 13 ಕೆ.ಜಿ.; ಮಗಳು ಎರಡೂವರೆ ವರ್ಷದವರೆಗೂ ಹಾಗೆಯೇ ಕೂತಳು. ಹೀಗೆ ಕೂರಿಸುವಾಗ ಮುಂಭಾಗದಲ್ಲಿ, ಚಾಲೂ ಇರುವ ಏರ್‌ಬ್ಯಾಗಿನ ಎದುರಿಗೆ, ಎಂದಿಗೂ ಕೂರಿಸಬಾರದು.

‘ಇಷ್ಟು ದುಡ್ಡು ಕೊಟ್ಟು ಕೂಸನ್ನು ಕಟ್ಟಿಹಾಕಬೇಕಾ? ನನ್ನ ಮಡಿಲಿಲ್ಲವಾ?’ ಎಂದು ಅತ್ತೆಯವರು ಆಗ ಕೇಳಿದ್ದರು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಒಯ್ದರೆ 1,000 ರೂಪಾಯಿ ದಂಡವೆಂದು ಹೇಳಿದೆ, ಅವರು ಕಿವಿಗೊಡಲಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಗಕ್ಕನೆ ನಿಂತರೆ ಒಳಗಿರುವವರ ಪಾಲಿಗೆ ಅದು ಸುಮಾರು 10 ಮೀಟರ್ ಎತ್ತರದಿಂದ ಬಿದ್ದಂತೆ, ಅಂದರೆ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಕಾಳುಮೆಣಸಿನ ಏಣಿಯ ತುತ್ತತುದಿಯಿಂದ ಮಗುವನ್ನು ಅಪ್ಪಿಕೊಂಡು ಬಿದ್ದಂತೆ ಎಂದಾಗ ಮಾತ್ರ ಸುಮ್ಮನಾದರು. ಆ ಏಣಿಯಿಂದ ಬಿದ್ದವರನ್ನು ಅವರು ಕಂಡಿದ್ದರು.

ಅಂಗಡಿಯಲ್ಲಿ ಯಾರೂ ಹೇಳದ ಇನ್ನೊಂದು ವಿಷಯವೆಂದರೆ ಸೀಟು ಮಗುವಿಗೆ ಸರಿಹೊಂದಿದರೆ ಸಾಲದು, ಕಾರಿಗೂ ಸರಿಹೊಂದಬೇಕು. ನಮ್ಮ ಹಳೆಯ ಕಾರಿನಲ್ಲಿ ಐಸೋಫಿಕ್ಸ್, ಅಂದರೆ ಮಕ್ಕಳ ಸೀಟನ್ನು ಬೆಲ್ಟಿಲ್ಲದೆ ನೇರವಾಗಿ ಸಿಕ್ಕಿಸುವ ಕೊಂಡಿಗಳಿರಲಿಲ್ಲ; ಬೆಲ್ಟನ್ನು ಸೀಟಿನ ಸುತ್ತ ಹಾಯಿಸಿ ಎಳೆದರೆ ಬಕಲ್‌ಗೆ ನಾಲ್ಕು ಬೆರಳು ಸಾಲದಾಯಿತು. ಮೊದಲು ತಂದ ಸೀಟನ್ನು ಹಿಂದಿರುಗಿಸಿ, ಬೆಲ್ಟಿನ ದಾರಿ ಚಿಕ್ಕದಿರುವ ಬೇರೊಂದನ್ನು ಅಂಗಡಿಯ ಮುಂದೆಯೇ ಕಾರಿನಲ್ಲಿ ಕೂರಿಸಿ ನೋಡಿ ತಂದೆವು. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಸೀಟು ಒಂದು ಅಂಗುಲಕ್ಕಿಂತ ಹೆಚ್ಚು ಜರುಗಬಾರದು.

ನಮ್ಮೂರಿನ ಚಳಿಯೂ ಇಲ್ಲಿ ಅಡ್ಡಬರುತ್ತದೆ. ದಪ್ಪ ಜಾಕೆಟ್ಟಿನ ಮೇಲೆ ಪಟ್ಟಿ ಕಟ್ಟಿದರೆ ಬಿಗಿಯಾದಂತೆ ಕಾಣುತ್ತದೆ, ಆದರೆ ಪೆಟ್ಟು ಬಿದ್ದಾಗ ಒಳಗಿನ ಹತ್ತಿ ಅಮುಕಿಕೊಂಡು ಪಟ್ಟಿ ಸಡಿಲಾಗುತ್ತದೆ. ಒಮ್ಮೆ ಜಾಕೆಟ್ ಹಾಕಿ ಬಿಗಿದು, ಪಟ್ಟಿಯ ಉದ್ದ ಬದಲಿಸದೆ ಜಾಕೆಟ್ ತೆಗೆದು ಮತ್ತೆ ಕಟ್ಟಿ ನೋಡಿದೆ. ನನ್ನ ಅಂಗೈ ಸಲೀಸಾಗಿ ಒಳಹೋಯಿತು. ಭುಜದ ಬಳಿ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿದರೆ ಮಡಿಕೆ ಸಿಗಬಾರದು. ಅಂದಿನಿಂದ ತೆಳು ಸ್ವೆಟರ್ ತೊಡಿಸಿ, ಪಟ್ಟಿ ಬಿಗಿದ ಮೇಲೆ ಶಾಲು ಹೊದಿಸುತ್ತೇವೆ.

ಈಗ ಇದರ ಬದಲಿಗೆ ಯಾವ ಸೀಟು ಕೊಳ್ಳಬೇಕೆಂಬ ಪ್ರಶ್ನೆ. ತೂಕದ ಲೆಕ್ಕದಲ್ಲಿ 15 ಕೆ.ಜಿ. ದಾಟಿದ ಮಗುವಿಗೆ ಬೂಸ್ಟರ್ ಆಗಬಹುದು; ಬೆಲೆಯೂ ಕಡಿಮೆ. ಆದರೆ ಬೂಸ್ಟರ್ ಮಗುವನ್ನು ಎತ್ತರಿಸಿ ಕೂರಿಸುತ್ತದೆಯೇ ಹೊರತು ಹಿಡಿಯುವುದಿಲ್ಲ. ಹಿಡಿಯುವುದು ದೊಡ್ಡವರ ಸೀಟ್ ಬೆಲ್ಟೇ. ಸುಂಟಿಕೊಪ್ಪ ಬರುವಷ್ಟರಲ್ಲಿ ನಿದ್ದೆಹೋಗಿ ತಿರುವು ಬಂದ ಕಡೆಗೆಲ್ಲ ವಾಲುವ ನಾಲ್ಕು ವರ್ಷದ ಮಗುವಿನ ಭುಜದ ಮೇಲೆ ಆ ಬೆಲ್ಟ್ ನಿಲ್ಲುವುದಿಲ್ಲವೆಂದು ನನಗನ್ನಿಸಿತು. ಆದ್ದರಿಂದ 9ರಿಂದ 36 ಕೆ.ಜಿ.ವರೆಗಿನ, ಸೀಳುಗಳು ಇನ್ನಷ್ಟು ಎತ್ತರದಲ್ಲಿರುವ ಸೀಟನ್ನು ಆರಿಸಿದೆವು. 18 ಕೆ.ಜಿ.ವರೆಗೆ ಅದರದೇ ಪಟ್ಟಿ, ಆಮೇಲೆ ಪಟ್ಟಿ ತೆಗೆದರೆ ಅದೇ ಬೆನ್ನಿರುವ ಬೂಸ್ಟರ್. ಬೆಲ್ಟಿನ ಕೆಳಭಾಗ ಹೊಟ್ಟೆಯ ಮೇಲಲ್ಲದೆ ಸೊಂಟದ ಮೂಳೆಯ ಮೇಲೆ, ಮೇಲ್ಭಾಗ ಕತ್ತಿಗೆ ತಾಗದೆ ಭುಜದ ನಡುವೆ ತಾನಾಗಿ ಕೂರುವವರೆಗೆ, ಎಂದರೆ ಸುಮಾರು 145 ಸೆಂ.ಮೀ. ಎತ್ತರವಾಗುವವರೆಗೆ, ಬೂಸ್ಟರ್ ಬೇಕೇ ಬೇಕು.

ಕೊಳ್ಳುವಾಗ ಹೊದಿಕೆ ಸುಲಭವಾಗಿ ಬಿಚ್ಚಿಬರುತ್ತದೆಯೇ ಎಂದೂ ನೋಡಿದೆ. ತಿರುವಿನ ದಾರಿಯಲ್ಲಿ ವಾಂತಿ ತಪ್ಪಿದ್ದಲ್ಲ, ಮಳೆಗಾಲದಲ್ಲಿ ಒಗೆದದ್ದು ಒಣಗುವುದೂ ಇಲ್ಲ, ಬೂಷ್ಟು ಹಿಡಿಯುತ್ತದೆ. ಹೊದಿಕೆಯನ್ನು ಒಲೆಯ ಹತ್ತಿರ ಹರವಿದರೂ ಪಟ್ಟಿಗಳನ್ನು ನೆನೆಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ.

ಹಳೆಯ ಸೀಟನ್ನು ನಾದಿನಿಯ ಮಗುವಿಗೆ ಕೊಡೋಣವೆಂದುಕೊಂಡೆವು. ಅಪಘಾತ ಕಂಡ ಸೀಟಲ್ಲ, ತಳದಲ್ಲಿ ಅಚ್ಚಾದ ಅವಧಿಯೂ ಮುಗಿದಿಲ್ಲ. ಆದರೆ ಅವರದು ತೋಟದ ಹಳೆಯ ಜೀಪು. ಹಿಂದಿನ ಬೆಂಚುಗಳೆರಡೂ ಪಕ್ಕಕ್ಕೆ ಮುಖ ಮಾಡಿವೆ, ಅಂತಹ ಬೆಂಚಿಗೆ ಮಕ್ಕಳ ಸೀಟನ್ನು ಕಟ್ಟುವಂತಿಲ್ಲ. ಅವರು ಕಾರು ಕೊಳ್ಳುವವರೆಗೆ ಅದು ನಮ್ಮ ಅಟ್ಟದಲ್ಲೇ ಇರಲಿದೆ.