ಸುಲಿಯುವ ಚಪ್ಪರದಲ್ಲಿ ಮೇಸ್ತ್ರಿಯ ಕೆಲಸ

ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಸುಲಿಯುವವರಿಗೆ ಎಲ್ಲಿಲ್ಲದ ಬೇಡಿಕೆ. ಪಕ್ಕದ ಮನೆಯವರು ಸುಲಿದ ಅಡಿಕೆ ಅಳೆಯುವ ಡಬ್ಬಕ್ಕೆ ನಾಲ್ಕು ಕಾಸು ಹೆಚ್ಚು ಕೊಡುತ್ತೇವೆಂದರೂ ಕೆಲವು ಮೇಸ್ತ್ರಿಗಳ (ಸುಲಿಯುವವರ ಮುಖಂಡರ) ತಂಡ ಕದಲುವುದಿಲ್ಲ. ಇನ್ನು ಕೆಲವರ ತಂಡ ದೀಪಾವಳಿಗೆಂದು ಮನೆಗೆ ಹೋದದ್ದು ಮತ್ತೆ ಬರುವುದೇ ಇಲ್ಲ. ಕೂಲಿ ದರ ಮುಖ್ಯ, ನಿಜ. ಆದರೆ ಜನರ ಹುರುಪು ಉಳಿಯುವುದು, ಬೀಳುವುದು ಅಳತೆಯ ಜಾಗದಲ್ಲಿ.

ಸಮ ಅಳತೆ ಎಂದು ಮಾತಾಡಿದ್ದರೆ ಡಬ್ಬದ ಬಾಯಿಗೆ ಕೋಲು ಎಳೆದು ಸಮ ಮಾಡಬೇಕು. ಸಂಜೆ ಹೊತ್ತು ಕತ್ತಲಲ್ಲಿ ಮೇಲೆ ಗುಡ್ಡೆ ಬಿಟ್ಟು ಸುರಿದುಕೊಂಡರೆ ದಿನಕ್ಕೆ ಎರಡು ಹಿಡಿ ಸಿಗಬಹುದು, ಮರುದಿನ ಎಲ್ಲರ ಕೈಯೂ ನಿಧಾನವಾಗುತ್ತದೆ. ತೂಕದ ಲೆಕ್ಕವಾದರೆ ಸುಲಿದವರ ಎದುರೇ ತಕ್ಕಡಿಯನ್ನು ಸೊನ್ನೆಗೆ ತನ್ನಿ, ಬುಟ್ಟಿಯ ತೂಕ ಕಳೆಯಿರಿ, ಬಂದ ಅಂಕಿಯನ್ನು ಗಟ್ಟಿಯಾಗಿ ಹೇಳಿ ಪುಸ್ತಕದಲ್ಲಿ ಬರೆಯಿರಿ. ಅವರ ಕೈಯಲ್ಲೂ ಒಂದು ಚೀಟಿ ಇರಲಿ. ಓದು ಬಾರದ ಅಜ್ಜಿಯೂ ಚೀಟಿಯಲ್ಲಿರುವ ತನ್ನ ಗೆರೆಗಳನ್ನು ಎಣಿಸಿಕೊಳ್ಳುತ್ತಾಳೆ.

ಇದಕ್ಕಿಂತ ಸೂಕ್ಷ್ಮವಾದದ್ದು ಅಡಿಕೆ ಹಂಚುವುದು. ಸಣ್ಣ ಕಾಯಿ ಸುಲಿದರೆ ಡಬ್ಬ ತುಂಬುವುದೇ ಇಲ್ಲ, ದಪ್ಪ ಕಾಯಿ ಸಿಕ್ಕವರದು ಬೇಗ ತುಂಬುತ್ತದೆ. ಮೇಸ್ತ್ರಿಯ ನೆಂಟರ ಮುಂದೆ ದಿನವೂ ದಪ್ಪ ಕಾಯಿಯ ರಾಶಿ ಬಿದ್ದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಎಲ್ಲರೂ ಗಮನಿಸುತ್ತಾರೆ. ಕೊನೆಯಿಂದ ಉದುರಿಸಿದ ಮೇಲೆ ಹಣ್ಣಡಿಕೆ ಬೇರೆ ಮಾಡಿ, ಉಳಿದದ್ದನ್ನು ಚೆನ್ನಾಗಿ ಕಲಸಿ, ಬುಟ್ಟಿ ಲೆಕ್ಕದಲ್ಲಿ ಸಾಲಾಗಿ ಸುರಿಯಬೇಕು. ಒಂದು ತೋಟದ್ದೆಲ್ಲ ಸಣ್ಣ ಕಾಯಿಯೇ ಆದರೆ ಕೂರುವ ಮೊದಲೇ ಮಾಲೀಕರ ಹತ್ತಿರ ಮಾತಾಡಿ ಆ ತೋಟಕ್ಕೆ ಬೇರೆ ದರ ಗೊತ್ತು ಮಾಡಿಕೊಳ್ಳಿ. ತಂಡದ ಪರವಾಗಿ ಮಾತಾಡುವವನನ್ನು ತಂಡ ಬಿಡುವುದಿಲ್ಲ.

ಅಡಿಕೆ ಸುಲಿಯುವ ಮೆಟ್ಟುಗತ್ತಿ ಬೆಳಿಗ್ಗೆ ಕೂರುವ ಮೊದಲು, ಮಧ್ಯಾಹ್ನ ಊಟವಾದ ಮೇಲೆ ಮಸೆದಿರಬೇಕು. ಮೊಂಡು ಕತ್ತಿಗೆ ಹೆಚ್ಚು ಒತ್ತು ಬೇಕು. ಒತ್ತಿದಾಗ ಅಲಗು ಸಿಪ್ಪೆ ದಾಟಿ ಎಳೆ ಅಡಿಕೆಗೆ ಗಾಯ ಮಾಡುತ್ತದೆ, ಜಾರಿದರೆ ಬೆರಳಿಗೆ. ರಾತ್ರಿ ಸುಲಿಯುವಾಗ ಬಲ್ಬು ಬೆನ್ನ ಹಿಂದಿದ್ದರೆ ಸುಲಿಯುವವರ ನೆರಳೇ ಅಲಗಿನ ಮೇಲೆ ಬೀಳುತ್ತದೆ. ಮುಂದೆ, ತಲೆಗಿಂತ ಎತ್ತರದಲ್ಲಿ ಕಟ್ಟಿ. ಬೆರಳಿಗೆ ಸುತ್ತಲು ಹಳೆ ಬಟ್ಟೆ, ಕೊಬ್ಬರಿ ಎಣ್ಣೆ, ಗಾಯದ ಔಷಧಿ ಚಪ್ಪರದಲ್ಲೇ ಇರಲಿ. ಇಷ್ಟು ಮಾಡದೆ "ಬೇಗ ಬೇಗ" ಎನ್ನುವ ಮೇಸ್ತ್ರಿಯ ಮಾತು ಯಾರ ಕಿವಿಗೂ ಹೋಗುವುದಿಲ್ಲ.

ಗಾಯದ ಅಡಿಕೆ ಕಂಡರೆ ಎಲ್ಲರೆದುರು ಹೆಸರು ಹಿಡಿದು ಬೈಯಬೇಡಿ. ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, "ಅಕ್ಕಾ, ಕತ್ತಿ ಕೊಡಿ ನೋಡುವ" ಎಂದು ಅಲಗು ಮುಟ್ಟಿ ನೋಡಿ. ಸಾಮಾನ್ಯವಾಗಿ ಕಾರಣ ಅಲ್ಲೇ ಸಿಗುತ್ತದೆ. ಮೆಚ್ಚುಗೆ ಮಾತ್ರ ಎಲ್ಲರಿಗೂ ಕೇಳಿಸಲಿ, ಅದೂ ಬೇಗ ಸುಲಿದವರಿಗಷ್ಟೇ ಅಲ್ಲ. ನಿಧಾನವಾಗಿ ಸುಲಿದರೂ ಒಂದು ಕಾಯಿಯನ್ನೂ ಕೆಡಿಸದವರನ್ನು ಹೊಗಳದಿದ್ದರೆ ಎಲ್ಲರೂ ಓಟಕ್ಕೆ ಬೀಳುತ್ತಾರೆ, ರಾಶಿಯಲ್ಲಿ ಚೂರು ಹೆಚ್ಚುತ್ತದೆ.

ಹೊಸಬರನ್ನು ಮೊದಲ ವಾರ ಡಬ್ಬದ ಲೆಕ್ಕಕ್ಕೆ ಹಾಕಬಾರದು. ದಿನಗೂಲಿ ಕೊಟ್ಟು, ಚೊಕ್ಕ ಸುಲಿಯುವವರ ಪಕ್ಕ ಕೂರಿಸಿ. ಕೈ ಪಳಗಿದ ಮೇಲೆ ಅವರೇ ಡಬ್ಬ ಕೇಳುತ್ತಾರೆ.

ಯಾಕೆ ಇವತ್ತೇ ಮುಗಿಯಬೇಕು ಎಂಬುದನ್ನೂ ತಂಡಕ್ಕೆ ಹೇಳಬೇಕು. ಹಸಿ ಅಡಿಕೆ ರಾಶಿಯಲ್ಲೇ ಉಳಿದರೆ ಒಳಗೆ ಬಿಸಿಯಾಗುತ್ತದೆ, ಬೇಯಿಸಿದ ಮೇಲೆ ಬಣ್ಣ ಕೂರುವುದಿಲ್ಲ. ಹಿಂದಿನ ದಿನ ಸುಲಿದದ್ದು ಹಂಡೆಯಲ್ಲಿ ಬೆಂದು, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಹಿಡಿದು, ಕೆಂಪಾಗಿ ಒಣಗಿಸುವ ಅಟ್ಟಕ್ಕೆ ಏರಿದ್ದನ್ನು ಒಂದು ಹಿಡಿ ತಂದು ತೋರಿಸಿ. ಶಿವಮೊಗ್ಗ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆ ದರ್ಜೆಗಳಿಗೆ ಬೇರೆ ಬೇರೆ ಧಾರಣೆ ಯಾಕೆ ಎಂದು ಬಿಡಿಸಿ ಹೇಳಿ. ವರ್ಷಗಟ್ಟಲೆ ಸುಲಿದರೂ ಇದನ್ನು ಯಾರೂ ಹೇಳದೆ ಹೋದವರು ಬಹಳ ಮಂದಿ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಬಟವಾಡೆ ಸಂತೆಯ ಹಿಂದಿನ ಸಂಜೆಯೇ ಆಗಲಿ. ಮುಂಗಡ ಕೊಟ್ಟಿದ್ದರೆ ವಾರಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಮುರಿದುಕೊಳ್ಳಬೇಡಿ, ಮುರಿದದ್ದನ್ನು ಚೀಟಿಯಲ್ಲಿ ಬರೆದುಕೊಡಿ. ಕೊಯ್ಲಿನ ಕೊನೆಯ ದಿನ ಮಾಲೀಕರಿಂದ ಹಣ ಬರುವುದು ತಡವಾದರೆ, ಎಷ್ಟು ಬಾಕಿ, ಯಾವ ದಿನ ಕೊಡುತ್ತೀರಿ ಎಂಬುದನ್ನು ತಂಡದವರು ಚಪ್ಪರ ಬಿಟ್ಟು ಹೊರಡುವ ಮೊದಲೇ ಹೇಳಿ.