ಮಾವ ಕಟ್ಟಿದ ಹೋಟೆಲು ಯಾರದು?

ಮುಂಬಯಿಯ ಹೋಟೆಲುಗಳ ಲೆಕ್ಕಪತ್ರ ನೋಡುವ ನನ್ನನ್ನು ಇಲ್ಲಿನ ತುಳು-ಕನ್ನಡಿಗರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ: ಸೋದರಮಾವನೂ ಅಳಿಯನೂ ಸೇರಿ ವರ್ಷಗಟ್ಟಲೆ ಚೆನ್ನಾಗಿ ನಡೆಸಿದ ಹೋಟೆಲು, ಮಾವ ತೀರಿಕೊಂಡ ಮೇಲೆ ಕೋರ್ಟಿನ ಮೆಟ್ಟಿಲೇರುವುದೇಕೆ? ದುರಾಸೆಯೇ ಕಾರಣವೆಂದು ಕೇಳುವವರು ಆಗಲೇ ತೀರ್ಮಾನಿಸಿರುತ್ತಾರೆ. ನಾನು ಒಪ್ಪುವುದಿಲ್ಲ. ಕುಟುಂಬದವರು ಯಾರು ಎಂಬುದಕ್ಕೆ ನಮ್ಮ ರೂಢಿ ಹೇಳುವುದು ಒಂದು, ಕಾನೂನು ಹೇಳುವುದು ಇನ್ನೊಂದು.

ಕರಾವಳಿಯ ಬಂಟರು, ಬಿಲ್ಲವರು, ಮೊಗವೀರರು ಅಳಿಯಸಂತಾನ ಕಟ್ಟಿನವರು. ಅಲ್ಲಿ ವಂಶ ಸಾಗುವುದು ತಾಯಿಯ ಕಡೆಯಿಂದ. ಯಜಮಾನನ ಹೊಣೆ ಮಗನಿಗಲ್ಲ, ಸೋದರಳಿಯನಿಗೆ ದಾಟುತ್ತಿತ್ತು. ಅಕ್ಕನ ಮಗನನ್ನು ಊರಿನಿಂದ ಕರೆತಂದು, ಮೊದಲು ಮೇಜು ಒರೆಸುವ ಕೆಲಸಕ್ಕೆ ಹಚ್ಚಿ, ಸಂಜೆ ರಾತ್ರಿ ಶಾಲೆಗೆ ಕಳುಹಿಸಿ, ಪಳಗಿದ ಮೇಲೆ ಗಲ್ಲಾದಲ್ಲಿ ಕೂರಿಸುವ ಪದ್ಧತಿ ಆ ರೂಢಿಯಿಂದಲೇ ಬೆಳೆದದ್ದು. ಅಡವಿಡಲು ಏನೂ ಇಲ್ಲದೆ ಈ ನಗರಕ್ಕೆ ಬಂದವರಿಗೆ ಕೈಸಾಲವೂ ನಂಬಿಗಸ್ತ ಕೆಲಸಗಾರರೂ ದೊರೆತದ್ದು ಈ ಸಂಬಂಧಗಳಲ್ಲಿ. ಅದನ್ನು ಹಿಂದುಳಿದ ವ್ಯವಸ್ಥೆ ಎಂದು ಯಾರಾದರೂ ತಳ್ಳಿಹಾಕಿದರೆ ನನಗೆ ನೋವಾಗುತ್ತದೆ. (ಶಿವಳ್ಳಿ ಬ್ರಾಹ್ಮಣರ, ಗೌಡ ಸಾರಸ್ವತರ ಹೋಟೆಲುಗಳ ಮಾತು ಬೇರೆ, ಅಲ್ಲಿ ವಾರಸುದಾರಿಕೆ ತಂದೆಯಿಂದ ಮಕ್ಕಳಿಗೆ.)

ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡವನ ಸ್ವಯಾರ್ಜಿತ ಆಸ್ತಿ ಮೊದಲ ವರ್ಗದ ವಾರಸುದಾರರಾದ ಹೆಂಡತಿ, ಮಕ್ಕಳು, ತಾಯಿ ಮುಂತಾದವರಿಗೆ ಸೇರುತ್ತದೆ. ಸೋದರಳಿಯನಿರುವುದು ಎರಡನೆಯ ವರ್ಗದಲ್ಲಿ, ಅದೂ ನಾಲ್ಕನೆಯ ಸಾಲಿನಲ್ಲಿ. ಮೊದಲ ವರ್ಗದವರು ಒಬ್ಬರಿದ್ದರೂ ಅವನಿಗೆ ಏನೂ ಬರುವುದಿಲ್ಲ. ಹೆಂಡತಿಗೂ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟದ್ದು ನ್ಯಾಯವೇ. ಆದರೆ ಲೈಸೆನ್ಸೂ ಪಗಡಿ ಜಾಗದ (ಒಮ್ಮೆಗೆ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಪಡೆದ ಜಾಗದ) ಬಾಡಿಗೆ ರಸೀದಿಯೂ ಮಾವನ ಹೆಸರಿನಲ್ಲಿದ್ದು, ‘ಇದೆಲ್ಲ ಮುಂದೆ ನಿನ್ನದೇ’ ಎಂಬ ಬಾಯಿಮಾತನ್ನು ನಂಬಿ ಯೌವನವನ್ನೆಲ್ಲ ದುಡಿದವನ ಹಕ್ಕಿಗೆ ಕಾಗದದ ಆಧಾರವೇ ಇರುವುದಿಲ್ಲ.

ಜಪಾನಿನಲ್ಲಿ ಸಮರ್ಥನಾದ ಅಳಿಯನನ್ನು, ಅಂದರೆ ಮನೆಯ ಹೆಣ್ಣಿನ ಗಂಡನನ್ನು, ದತ್ತು ತೆಗೆದುಕೊಂಡು ಮನೆತನದ ಹೆಸರು ಕೊಡುವುದುಂಟು. ಮತ್ಸುದಾ ಮನೆತನದಲ್ಲಿ ಹುಟ್ಟಿದ ಒಸಾಮು, ಸುಜುಕಿ ಸಂಸ್ಥಾಪಕರ ಮೊಮ್ಮಗಳನ್ನು ಮದುವೆಯಾಗಿ ಒಸಾಮು ಸುಜುಕಿಯಾದರು. 1978ರಲ್ಲಿ ಕಂಪನಿಯ ಅಧ್ಯಕ್ಷರೂ ಆದರು. ಅಲ್ಲಿ ಅಳಿಯನ ಸ್ಥಾನ ರೂಢಿಯಲ್ಲೂ ದಾಖಲೆಯಲ್ಲೂ ಒಂದೇ.

ನಮ್ಮಲ್ಲಿ ಕರಾರು ಪತ್ರ ಕೇಳುವುದೆಂದರೆ ಹಿರಿಯರ ಮೇಲೆ ಅಪನಂಬಿಕೆ ತೋರಿದಂತೆ. ಅಳಿಯನಂತೂ ಬಾಯಿ ಬಿಡಲಾರ. ಆದ್ದರಿಂದ ಮಾತು ಮಾವನಿಂದಲೇ ಹೊರಡಬೇಕು. ಹೋಟೆಲಿನಲ್ಲಿ ತಮ್ಮ ಪಾಲು ಯಾರಿಗೆಂದು ಅವರು ಉಯಿಲು ಬರೆಯಲಿ, ಅಳಿಯನನ್ನು ಪಾಲುದಾರನಾಗಿ ಸೇರಿಸಿಕೊಳ್ಳಲಿ. ಇಬ್ಬರೇ ಪಾಲುದಾರರಿದ್ದರೆ ಒಬ್ಬರು ತೀರಿಕೊಂಡಾಗ ಪಾಲುದಾರಿಕೆಯೇ ಮುಗಿದುಹೋಗುತ್ತದೆ. ಹಾಗಾಗಿ ಹೆಂಡತಿಯನ್ನೋ ಮಗಳನ್ನೋ ಮೂರನೆಯವರಾಗಿ ಸೇರಿಸಿ, ಒಬ್ಬರು ಹೋದರೂ ಉಳಿದವರು ಮುಂದುವರಿಸುತ್ತಾರೆ ಎಂಬ ಷರತ್ತನ್ನು ಪತ್ರದಲ್ಲಿ ಬರೆಸಬೇಕು.