ಅಣ್ಣನಿಗೆ ಇಬ್ಬರು ಮಕ್ಕಳು ಉಂಟು

ಈ ವಾರ ಪೂರ್ತಿ ಒಂದೇ ಮಾತು ತಲೆಯಲ್ಲಿ ಕೂತುಬಿಟ್ಟಿದೆ. "ಸಾರ್, ನೀವು ಬಿದ್ರೆ ಹುಡುಕ್ಲಿಕ್ಕೆ ಇಳಿಯುವುದು ನನ್ನ ಅಣ್ಣ. ಅವನಿಗೆ ಇಬ್ಬರು ಮಕ್ಕಳು ಉಂಟು." ಹೇಳಿದ್ದು ಕಾಪು ಲೈಟ್‌ಹೌಸಿನ ಬುಡದಲ್ಲಿ ಸೀಟಿ ಊದುತ್ತಾ ನಿಂತಿದ್ದ ಲೈಫ್‌ಗಾರ್ಡ್ ಹುಡುಗ. ಹೇಳಿಸಿಕೊಂಡದ್ದು ನನ್ನ ಭಾವ.

ಮಂಗಳವಾರ ರೆಡ್ ಅಲರ್ಟ್ ಇತ್ತು. ಡಿಸಿ ಶಾಲೆಗಳಿಗೆ ರಜೆ ಕೊಟ್ಟಿದ್ದರು. ನಮ್ಮ ಕಡೆ ಮಳೆಗಾಲದಲ್ಲಿ ಮಕ್ಕಳಿಗೆ ಡಿಸಿಗಿಂತ ದೊಡ್ಡ ದೇವರಿಲ್ಲ, ಬಿಡಿ. ಬೆಂಗಳೂರಿನಿಂದ ಅಕ್ಕ, ಭಾವ, ಅಳಿಯ ಬಂದಿದ್ದರು. ಭಾವ ಬೆಳಿಗ್ಗೆ ಎದ್ದವರೇ ಕಿಟಕಿ ಹತ್ತಿರ ನಿಂತು, "ಇಂಥಾ ವೆದರ್ ಬಿಟ್ಟು ಸಮುದ್ರ ಇನ್ಯಾವಾಗ ನೋಡೋದು? ನಡಿಯೋ, ಲೈಟ್‌ಹೌಸಿಗೆ ಹೋಗೋಣ" ಎಂದರು. ಅಕ್ಕ ಬೇಡ ಅಂದಳು. ಅಕ್ಕನ ಬೇಡ ನಮ್ಮ ಮನೆಯಲ್ಲಿ ಯಾವತ್ತೂ ನಡೆದಿಲ್ಲ.

ಹೈವೇಯಲ್ಲಿ ಹೋದರೆ ಉಡುಪಿಯಿಂದ ಕಾಪು ಸುಮಾರು 13 ಕಿಲೋಮೀಟರ್. ಆದರೆ ನಾನು ಮಲ್ಪೆ ಕಡೆ ತಿರುಗಿಸಿದೆ. ನೋಡುವುದೇ ಆದರೆ ಪಡುಕೆರೆ ದಾರಿಯಲ್ಲಿ ಹೋಗಬೇಕು. ಮಲ್ಪೆ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್ ಅಲ್ವಾ, ಹಾಗಾಗಿ ದೊಡ್ಡ ಬೋಟಿನವರೆಲ್ಲ ದಡದಲ್ಲೇ. ಸೇತುವೆ ದಾಟಿ ದಕ್ಷಿಣಕ್ಕೆ ತಿರುಗಿದರೆ ಬಲಕ್ಕೆ ಕಡಲು, ಎಡಕ್ಕೆ ಉದ್ಯಾವರ ಹೊಳೆ, ನಡುವೆ ಒಂದು ರಸ್ತೆ, ಎರಡು ಸಾಲು ಮನೆ, ತೆಂಗಿನ ಮರ. ಅಷ್ಟೇ ಅಗಲದ ನೆಲ.

ಆ ದಿನ ಕಡಲು ಮತ್ತು ಆಕಾಶ ಎರಡೂ ಒಂದೇ ಬಣ್ಣ, ಕೆಸರು ಮಿಶ್ರಿತ ಬೂದು. ಅಲೆ ಬಂದು ತಡೆಗೋಡೆಯ ಬಂಡೆಗೆ ಹೊಡೆದಾಗ ಕಾರಿನೊಳಗೆ ಕೂತವರ ಎದೆಗೇ ಬಡಿದ ಹಾಗೆ ಸದ್ದು. ನೊರೆ ಹಾರಿ ಗಾಜಿಗೆ ಬೀಳುತ್ತಿತ್ತು. ವೈಪರ್ ಎಳೆದ ಕಡೆಯೆಲ್ಲ ಉಪ್ಪಿನ ಬಿಳಿ ಗೆರೆ. ಒಂದು ಕಡೆ ರಸ್ತೆಯ ಮೇಲೆ ಮರಳು ಬಂದು ಕೂತಿತ್ತು. ಬೇರು ಹೊರಗೆ ಬಿದ್ದ ತೆಂಗಿನ ಮರವೊಂದು ಕಡಲ ಕಡೆ ವಾಲಿತ್ತು. ಅದರ ಹಿಂದಿನ ಮನೆಯ ಜಗಲಿಗೆ ನೀಲಿ ಟಾರ್ಪಾಲು, ಜಗಲಿಯಲ್ಲಿ ಒಬ್ಬರು ಅಜ್ಜಿ. ನಮ್ಮ ಕಾರನ್ನು ನೋಡಿದರು, ಮತ್ತೆ ಅಕ್ಕಿ ಆರಿಸುವುದಕ್ಕೆ ತಲೆ ಬಗ್ಗಿಸಿದರು. ಭಾವ ಕಿಟಕಿ ಇಳಿಸಿ ವಿಡಿಯೋ ಮಾಡುತ್ತಿದ್ದರು. "ಸೂಪರ್ ಲೊಕೇಶನ್ ಕಣೋ, ಇಲ್ಲೊಂದು ಸೈಟ್ ತಗೋಬೇಕು." ಬಲಗಡೆ ಕಡಲ್ಕೊರೆತಕ್ಕೆ ಅಂಗಳ ಹೋಗಿದೆ, ಇವರಿಗೆ ಸೈಟ್ ಬೇಕು! ಮಟ್ಟು ಊರು ಬಂದಾಗ ಗುಳ್ಳ, ಅಂದರೆ ಅಲ್ಲಿನ ಹೆಸರುವಾಸಿ ಬದನೆಕಾಯಿ, ಸಿಗುತ್ತಾ ಎಂದು ಕೇಳಿದರು. ಗುಳ್ಳ ಹಾಕುವುದು ಭತ್ತ ಕೊಯ್ದ ಮೇಲೆ. ಈಗ ಗದ್ದೆಯಲ್ಲಿ ನೀರು ಬಿಟ್ಟರೆ ಏನೂ ಇಲ್ಲ.

ಕಾಪುವಿನಲ್ಲಿ ಮಳೆ ಸ್ವಲ್ಪ ನಿಂತಿತು. ಬಂಡೆಯ ಮೇಲೆ ಕಪ್ಪು ಬಿಳಿ ಪಟ್ಟೆಯ ಗೋಪುರ, ಹಿಂದೆ ಕಪ್ಪು ಮೋಡ. ನಿಜ ಹೇಳುತ್ತೇನೆ, ಮೈ ಜುಂ ಅಂದಿತು. 1901ರಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ್ದು, 27 ಮೀಟರ್ ಎತ್ತರ. ಆ ಬಂಡೆಯ ಮೇಲೆ ಅಷ್ಟು ವರ್ಷಗಳ ಮಳೆಗಾಲ ತಡೆದುಕೊಂಡು ನಿಂತಿದೆ. ಮೇಲೆ ಹತ್ತಲು ಆ ದಿನ ಬಿಡುವ ಪ್ರಶ್ನೆಯೇ ಇರಲಿಲ್ಲ. ಕೆಳಗೆ ಕಡಲಿಗೆ ಮುಖ ಮಾಡಿದ ಬಂಡೆಗಳ ಹತ್ತಿರ ಹಗ್ಗ ಕಟ್ಟಿ ಕೆಂಪು ಬಾವುಟ ನೆಟ್ಟಿದ್ದರು. ಎಚ್ಚರಿಕೆಯ ಬೋರ್ಡೂ ಇತ್ತು. ಅದರ ಎದುರೇ ನಿಂತು ಜನ ಸೆಲ್ಫಿ ತೆಗೆಯುತ್ತಿದ್ದರು. ಎಲ್ಲರೂ ಬೆಂಗಳೂರಿನವರು ಎಂದುಕೊಳ್ಳಬೇಡಿ. ನಮ್ಮ ಉಡುಪಿ, ಮಣಿಪಾಲದ ಗಾಡಿಗಳೇ ಜಾಸ್ತಿ ಇದ್ದವು.

ಭಾವ ಹಗ್ಗದ ಕೆಳಗೆ ಬಗ್ಗಿ ಆಚೆ ಹೋದರು. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವರು. ಸಹಿಯಲ್ಲಿ ಒಂದು ಗೆರೆ ಆಚೀಚೆ ಆದರೂ ಚೆಕ್ ವಾಪಸ್ ಕೊಡುತ್ತಿದ್ದ ಮನುಷ್ಯ. ಕೌಂಟರಿನ ಈಚೆ ಬಂದ ಮೇಲೆ ರೂಲ್ಸ್ ಎಲ್ಲ ಬೇರೆಯವರಿಗೆ. ಅಳಿಯ, ಕಾಲೇಜಿಗೆ ಹೋಗುವ ಹುಡುಗ, "ಅಪ್ಪಾ, ಬೇಡ" ಎಂದು ಎರಡು ಸಲ ಕೂಗಿದ. ಸಾಮಾನ್ಯವಾಗಿ ಹುಡುಗರದ್ದೇ ಹುಚ್ಚಾಟ ಅಂತೀವಲ್ಲ, ಇಲ್ಲಿ ಉಲ್ಟಾ.

ಸೀಟಿ ಕೇಳಿತು. ಆ ಹುಡುಗ ಓಡಿ ಬಂದ. ಇಪ್ಪತ್ತೈದರ ಒಳಗಿನ ಪ್ರಾಯ. ರೈನ್‌ಕೋಟಿನ ಹೆಗಲು ಹರಿದು ಕಂದು ಟೇಪ್ ಅಂಟಿಸಿತ್ತು. ಸೀಟಿಯನ್ನು ಬಲೆಯ ಹಸಿರು ನೂಲಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ.

"ಸಾರ್, ಇತ್ಲಾಗಿ ಬನ್ನಿ."

"ಎರಡೇ ನಿಮಿಷ ಮಾರಾಯ. ನೋಡು, ಅಲೆ ಇಲ್ಲಿವರೆಗೆ ಬರ್ತಾನೇ ಇಲ್ಲ."

ಇದೇ ಮೋಸ. ಅಲೆಗಳು ಗುಂಪಾಗಿ ಬರುತ್ತವೆ. ಸ್ವಲ್ಪ ಹೊತ್ತು ಸಣ್ಣವು, ಆಮೇಲೆ ಒಮ್ಮೆಲೇ ದೊಡ್ಡವು. ಹೊಸಬರು ಕಳೆದ ಅಲೆ ನೋಡಿ ಲೆಕ್ಕ ಹಾಕುತ್ತಾರೆ. ಸಾಲದ್ದಕ್ಕೆ ಮಳೆಗಾಲದಲ್ಲಿ ಆ ಬಂಡೆಯ ತುಂಬ ಪಾಚಿ.

ಹುಡುಗ ಜಗಳ ಮಾಡಲಿಲ್ಲ. ದಂಡ ಹಾಕುತ್ತೇನೆ, ಪೊಲೀಸ್ ಕರೆಯುತ್ತೇನೆ ಎನ್ನಲಿಲ್ಲ. ಅಣ್ಣನ ಮಾತು ಹೇಳಿದ, ಅಷ್ಟೇ. ದನಿ ಏರಿಸಲೂ ಇಲ್ಲ. ಭಾವ ಅವನ ಮುಖ ನೋಡಿದರು. ಫೋನ್ ಜೇಬಿಗೆ ಹಾಕಿದರು. ಹಗ್ಗ ದಾಟಿ ಈಚೆ ಬಂದರು. ಸ್ವಲ್ಪ ಹೊತ್ತಿಗೆ ಅವರು ನಿಂತಿದ್ದ ಬಂಡೆಯ ಮೇಲೆ ನೀರು ಹತ್ತಿ ಇಳಿಯಿತು. ದೊಡ್ಡದೇನಲ್ಲ, ಮೊಣಕಾಲಿನಷ್ಟು. ಬೀಳಿಸಲಿಕ್ಕೆ ಅಷ್ಟು ಸಾಕು.

ಆಮೇಲೆ ನಾನು ಹುಡುಗನ ಹತ್ತಿರ ತುಳುವಿನಲ್ಲಿ ಮಾತಾಡಿದೆ. ಅಣ್ಣ ನಾಡದೋಣಿಯಲ್ಲಿ ದುಡಿಯುವವನಂತೆ. ಯಾರಾದರೂ ನೀರುಪಾಲಾದರೆ ಮೊದಲು ಫೋನ್ ಬರುವುದು ಅವನಂಥವರಿಗೆ. ಮಧ್ಯಾಹ್ನ ಊಟಕ್ಕೆ ಕೂತಿದ್ದರೂ ಎದ್ದು ಹೋಗಬೇಕು. "ಅತ್ತಿಗೆ ಈಗೀಗ ಮಾತಾಡುದಿಲ್ಲ, ಆ ಫೋನ್ ಬಂದ್ರೆ" ಎಂದ. ಯಾರ ಹತ್ತಿರ ಮಾತಾಡುವುದಿಲ್ಲ, ಗಂಡನ ಹತ್ತಿರವೋ ಇವನ ಹತ್ತಿರವೋ, ನಾನು ಕೇಳಲಿಲ್ಲ.

ವಾಪಸ್ ಬರುವಾಗ ಹೈವೇ ಹಿಡಿದೆ. ಭಾವ, "ಆ ಹುಡುಗ ಸ್ವಲ್ಪ ಓವರ್ ಮಾಡ್ದ, ಅಲ್ವಾ?" ಎಂದರು. ಯಾರೂ ಉತ್ತರ ಕೊಡಲಿಲ್ಲ.

ಓವರ್ ಏನಿತ್ತು ಅದರಲ್ಲಿ? ಅಲರ್ಟಿನ ಬಣ್ಣ, ಬೋರ್ಡು, ಬಾವುಟ, ಹಗ್ಗ, ಎಲ್ಲವೂ ನಿಮ್ಮ ಜೀವಕ್ಕೆ ಅಪಾಯ ಅಂತಲೇ ಹೇಳುವುದು. ನನ್ನ ಜೀವ ನನ್ನಿಷ್ಟ ಎಂದುಕೊಳ್ಳುವವನಿಗೆ ಅದು ತಾಗುವುದೇ ಇಲ್ಲ. ಆ ಹುಡುಗ ಲೆಕ್ಕದ ಇನ್ನೊಂದು ಕಡೆ ತೋರಿಸಿದ. ಬ್ಯಾಂಕಿನವರಿಗೆ ಇದು ಅರ್ಥವಾಗಬೇಕಿತ್ತು. ಸಾಲ ಮಾಡುವವನು ಒಬ್ಬ, ಜಾಮೀನು ನಿಂತವನು ಇನ್ನೊಬ್ಬ.

ಲೈಟ್‌ಹೌಸಿನ ವಿಷಯವೂ ತಮಾಷೆಯೇ. ಇಲ್ಲಿ ಬಂಡೆ ಇದೆ, ದೂರ ಇರಿ ಎಂದು ಹಡಗಿನವರಿಗೆ ತಿಳಿಸಲು ಕಟ್ಟಿದ್ದು. ಕಡಲು ಗೊತ್ತಿದ್ದವರು ಆ ಬೆಳಕು ಕಂಡು ದೂರ ಹೋಗುತ್ತಾರೆ. ನಾವು ಪೆಟ್ರೋಲ್ ಹಾಕಿಸಿಕೊಂಡು ಹತ್ತಿರ ಹೋಗುತ್ತೇವೆ.

ನಾಡದೋಣಿಯವರು ಇದೇ ಗಾಳಿಮಳೆಗೆ ಕಾಯುತ್ತಾರೆ ಎನ್ನುವುದೂ ನಿಜ. ಅವರು ಅದನ್ನು ತೂಫಾನ್ ಎನ್ನುತ್ತಾರೆ. ಅದು ಎದ್ದು ಕಡಲಿನ ತಳ ಕದಡಿದರೆ ಸಿಗಡಿ, ಮೀನು ದಡದ ಹತ್ತಿರ ಬರುತ್ತವೆ ಎಂಬ ಲೆಕ್ಕ. ತೂಫಾನ್ ಆಗದಿದ್ದರೆ ಆ ವರ್ಷ ಕಷ್ಟ. ಹಾಗಂತ ಅಬ್ಬರದ ದಿನ ಯಾರೂ ಇಳಿಯುವುದಿಲ್ಲ. ಕಾಯುತ್ತಾರೆ. ಭಾವನಿಗೂ ತೂಫಾನ್ ಬೇಕು, ಅವರಿಗೂ ಬೇಕು. ಆದರೆ ಕಾಯಲು ಗೊತ್ತಿರುವುದು ಅವರಿಗೆ ಮಾತ್ರ.

ಗುರುವಾರ ಅಕ್ಕನವರು ಹೊರಟರು. ಶುಕ್ರವಾರ ಗಾಳಿ ಇಳಿಯಿತು. ನಿನ್ನೆ ಮಾರ್ಕೆಟಿನಲ್ಲಿ ಸಿಗಡಿ ಬಂದಿತ್ತು, ನಾಡದೋಣಿಯದ್ದು ಎಂದರು ಮೀನು ಮಾರುವ ಅಕ್ಕ. ರಾತ್ರಿ ಅಕ್ಕ ಫೋನ್ ಮಾಡಿದಾಗ ಹೇಳಿದೆ. "ಎಷ್ಟಂತೆ?" ಎಂದಳು. ರೇಟ್ ಕೇಳಬೇಡ ಎಂದೆ. ಭಾವ ಅವಳ ಕೈಯಿಂದ ಫೋನ್ ತೆಗೆದುಕೊಂಡರು.

"ದೋಣಿ ಹೋಗಿತ್ತಾ ಹಾಗಾದ್ರೆ?"

"ಹೋಗಿತ್ತು ಭಾವ."

"ಆ ಹುಡುಗನ ಅಣ್ಣನೂ ಹೋಗಿದ್ನಾ?"

"ಅದು ನನಗೆ ಹೇಗೆ ಗೊತ್ತಾಗ್ಬೇಕು?"

"ಅಲ್ಲ, ಸುಮ್ನೆ ಕೇಳ್ದೆ" ಎಂದರು. ಫೋನ್ ಅಕ್ಕನಿಗೆ ಕೊಡದೆ ಇನ್ನೂ ಹಿಡಿದುಕೊಂಡೇ ಇದ್ದರು.